ಒಂದೇ ದೇಶ, ಸಾವಿಗೆ ಎರಡು ಕಾನೂನು

ವೆಂಟಿಲೇಟರ್ ಬರುವ ತನಕ ಸಾವಿನ ಬಗ್ಗೆ ಇಷ್ಟೊಂದು ತಕರಾರು ಇರಲಿಲ್ಲ. ಉಸಿರು ನಿಂತರೆ ಸ್ವಲ್ಪ ಹೊತ್ತಿಗೆ ಎದೆಬಡಿತವೂ ನಿಲ್ಲುತ್ತಿತ್ತು. 1950ರ ದಶಕದಲ್ಲಿ ಉಸಿರಾಟದ ಕೆಲಸವನ್ನು ಯಂತ್ರ ವಹಿಸಿಕೊಂಡಿತು. ಮೆದುಳು ಪೂರ್ತಿ ಹಾಳಾದವರ ಹೃದಯವೂ ಬಡಿಯುತ್ತಲೇ ಇತ್ತು. 1959ರಲ್ಲಿ ಪ್ಯಾರಿಸ್‌ನ ವೈದ್ಯರಾದ ಮೊಲಾರೆ ಮತ್ತು ಗುಲೋಂ ಇದನ್ನು ಕೋಮಾದಿಂದಲೂ ಆಚೆಗಿನ ಸ್ಥಿತಿ ಎಂದರು. ಸಾವು ಎನ್ನಲಿಲ್ಲ.

ಅದನ್ನು ಸಾವು ಎಂದದ್ದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ 1968ರ ಸಮಿತಿ. ಕೇಪ್‌ಟೌನ್‌ನಲ್ಲಿ ಕ್ರಿಶ್ಚಿಯಾನ್ ಬರ್ನಾರ್ಡ್ ಮೊದಲ ಹೃದಯ ಕಸಿ ಮಾಡಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಸಮಿತಿ ಎರಡು ಕಾರಣ ಕೊಟ್ಟಿತು. ಚೇತರಿಸಿಕೊಳ್ಳದ ರೋಗಿಯಿಂದ ಮನೆಯವರಿಗೂ ಆಸ್ಪತ್ರೆಗೂ ಬೀಳುವ ಹೊರೆ ಒಂದು. ಕಸಿಗೆ ಅಂಗ ಪಡೆಯುವಾಗ ಏಳುವ ವಿವಾದ ಇನ್ನೊಂದು. ಈ ಎರಡನೆಯ ಕಾರಣವೇ ಜನರಲ್ಲಿ ಅನುಮಾನ ಬಿತ್ತಿತು. ಅಂಗ ಬೇಕು ಅಂತಲೇ ಸತ್ತರು ಎಂದುಬಿಡ್ತಾರಾ? ಅದೇ ವರ್ಷ ಆಗಸ್ಟ್‌ನಲ್ಲಿ ಜಪಾನಿನ ಸಪ್ಪೊರೊದಲ್ಲಿ ಹೃದಯ ಕಸಿಯಾಯಿತು. ದಾನಿ ನಿಜಕ್ಕೂ ಸತ್ತಿದ್ದರಾ ಎಂಬ ಪ್ರಶ್ನೆ ಎದ್ದು ಸರ್ಜನ್ ಮೇಲೆ ಕೊಲೆಯ ದೂರು ಬಂತು. ಅಲ್ಲಿ ಮೆದುಳು ಸತ್ತವರಿಂದ ಅಂಗ ಪಡೆಯಲು ಬಿಡುವ ಕಾನೂನು ಬರಲು 1997ರವರೆಗೆ ಕಾಯಬೇಕಾಯಿತು.

ನಮ್ಮ ದೇಶದ 1994ರ ಅಂಗಾಂಗ ಕಸಿ ಕಾಯ್ದೆ ಕಿಡ್ನಿ ಮಾರಾಟ ತಡೆಯಲು ಬಂದದ್ದು. ಮೆದುಳಿನ ಕಾಂಡದ, ಅಂದರೆ ಉಸಿರಾಟ ನಡೆಸುವ ಮೆದುಳಿನ ಬುಡದ ಭಾಗದ, ಸಾವಿಗೆ ಮಾನ್ಯತೆ ಸಿಕ್ಕಿದ್ದೂ ಅದರಲ್ಲೇ. ಪರೀಕ್ಷೆ ಬಿಗಿಯಾಗಿದೆ. ಕಣ್ಣಿಗೆ ಟಾರ್ಚ್ ಬಿಟ್ಟು ಪಾಪೆ ಕಿರಿದಾಗುತ್ತದಾ ನೋಡುತ್ತಾರೆ. ಆಮೇಲೆ ವೆಂಟಿಲೇಟರ್ ಬಿಡಿಸಿ, ಆಕ್ಸಿಜನ್ ಮಾತ್ರ ಕೊಡುತ್ತಾ ಎದೆಯನ್ನೇ ಗಮನಿಸುತ್ತಾರೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ. ಉಸಿರಾಡುವ ಶಕ್ತಿ ಚೂರು ಉಳಿದಿದ್ದರೂ ಎದೆ ಏಳಬೇಕು. ಕನಿಷ್ಠ ಆರು ಗಂಟೆ ಬಿಟ್ಟು ಎಲ್ಲವನ್ನೂ ಮತ್ತೆ ಮಾಡುತ್ತಾರೆ. ನಾಲ್ವರು ವೈದ್ಯರು ಸಹಿ ಹಾಕಬೇಕು. ಕಸಿ ತಂಡದವರು ಅದರಲ್ಲಿ ಇರುವಂತಿಲ್ಲ.

ಇಷ್ಟಾದರೂ ಗೊಂದಲ ತಪ್ಪಿಲ್ಲ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅವರ ವಿಷಯದಲ್ಲಿ ನೋಡಿದೆವಲ್ವಾ? ಮೆದುಳು ನಿಷ್ಕ್ರಿಯ ಎಂದ ಕೂಡಲೇ ಶ್ರದ್ಧಾಂಜಲಿ ಶುರುವಾಯಿತು, ಇನ್ನೊಂದು ಕಡೆ ಇನ್ನೂ ಉಸಿರಿದೆ ಎಂಬ ಸುದ್ದಿ.

ಇದಕ್ಕೆ ಜನರನ್ನು ದೂರಿ ಪ್ರಯೋಜನವಿಲ್ಲ. ಜನನ ಮರಣ ನೋಂದಣಿಯ 1969ರ ಕಾಯ್ದೆ ಪ್ರಕಾರ ಜೀವದ ಎಲ್ಲ ಕುರುಹೂ ಶಾಶ್ವತವಾಗಿ ಮರೆಯಾದರೆ ಮಾತ್ರ ಸಾವು. ಮೆದುಳಿನ ಕಾಂಡದ ಸಾವಿಗೆ ಮಾನ್ಯತೆ ಇರುವುದು ಕಸಿಯ ಕಾಯ್ದೆಯಲ್ಲಷ್ಟೇ. ಹಾಗಾಗಿ ಮನೆಯವರು ಅಂಗದಾನಕ್ಕೆ ಒಪ್ಪಿದರೆ ಸತ್ತಂತೆ. ಒಪ್ಪದಿದ್ದರೆ ಅದೇ ವ್ಯಕ್ತಿ ವೆಂಟಿಲೇಟರ್‌ನಲ್ಲೇ ಉಳಿಯಬಹುದು, ಬಿಲ್ ಏರುತ್ತಿರುತ್ತದೆ. ಇದು ಖಂಡಿತ ಸರಿಯಲ್ಲ. ಮೊದಲು ಸಾವು ಖಚಿತವಾಗಬೇಕು, ದಾನದ ಮಾತು ಆಮೇಲೆ. ಕೇರಳ ಸರ್ಕಾರ 2020ರಲ್ಲಿ ಈ ಗಂಟು ಬಿಚ್ಚಿತು. ದಾನ ಇರಲಿ, ಬಿಡಲಿ, ಮೆದುಳಿನ ಕಾಂಡ ಸತ್ತರೆ ಅದು ಸಾವೇ ಎಂದು ಮಾರ್ಗಸೂಚಿ ತಂದಿತು. 1969ರ ಮೂಲ ಕಾಯ್ದೆ ತಿದ್ದುವ ಕೆಲಸ ಮಾತ್ರ ಸಂಸತ್ತಿನದು, ಅದನ್ನು ರಾಜ್ಯಗಳ ಮೇಲೆ ಹಾಕಿ ಕೂರುವಂತಿಲ್ಲ.