ಡೋಸ್ ಒಂದೇ, ಪೆಟ್ಟು ಬೇರೆ ಯಾಕೆ?

ವಿಕಿರಣದ ಪಾಠದಲ್ಲಿ ಗ್ರೇ (ದೇಹ ಹೀರಿಕೊಂಡ ವಿಕಿರಣದ ಅಳತೆ), ಸೀವರ್ಟ್ (ಅದರಿಂದಾಗುವ ಹಾನಿಯ ಅಂದಾಜಿನ ಅಳತೆ) ಅಂತ ಲೆಕ್ಕ ಹಾಕುವಾಗ ಎಲ್ಲರ ದೇಹವೂ ಒಂದೇ ಅನ್ನಿಸಿಬಿಡುತ್ತದೆ. ಹಾಗಲ್ಲ ಅನ್ನುವುದಕ್ಕೆ ದೊಡ್ಡ ಸಾಕ್ಷಿ ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಅನ್ನುವ ಆನುವಂಶಿಕ ಕಾಯಿಲೆ. ನಾಲಿಗೆ ಹೊರಳದಿದ್ದರೆ ಎ-ಟಿ ಅಂದರೂ ನಡೆಯುತ್ತದೆ.

ಈ ಕಾಯಿಲೆಯ ಮಕ್ಕಳು ನಡೆಯುವಾಗ ತೂರಾಡುತ್ತಾರೆ. ಕಣ್ಣಿನ ಬಿಳಿಭಾಗದಲ್ಲಿ ಕೆಂಪು ರಕ್ತನಾಳಗಳು ಬಲೆಯಂತೆ ಕಾಣುತ್ತವೆ. ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್), ರಕ್ತದ ಕ್ಯಾನ್ಸರ್ ಬರುವ ಸಾಧ್ಯತೆಯೂ ಜಾಸ್ತಿ. ಹಿಂದೆ ಅಂಥ ಕೆಲವು ಮಕ್ಕಳಿಗೆ ಮಾಮೂಲಿ ಡೋಸಿನ ರೇಡಿಯೋಥೆರಪಿ ಕೊಟ್ಟಾಗ ಚರ್ಮ, ಒಳಗಿನ ಅಂಗಾಂಶ ಭಯಂಕರವಾಗಿ ಹಾಳಾದವು. 1975ರಲ್ಲಿ ಅವರ ಜೀವಕೋಶಗಳಿಗೆ ಲ್ಯಾಬಿನಲ್ಲಿ ವಿಕಿರಣ ಹಾಯಿಸಿ ನೋಡಿದರು. ಅಲ್ಲೂ ಬೇಗ ಸತ್ತವು. ಅಂದರೆ ದೋಷ ಕೋಶದೊಳಗೇ ಇತ್ತು. 1995ರಲ್ಲಿ ಜೀನ್ ಸಿಕ್ಕಿತು: 11ನೇ ಕ್ರೋಮೋಸೋಮಿನ ಎಟಿಎಂ. ಬ್ಯಾಂಕಿನ ಎಟಿಎಂ ಅಲ್ಲ, ಆದರೆ ನೆನಪಿಡಲು ಸುಲಭ ಅಲ್ವಾ!

1 ಗ್ರೇ ಎಕ್ಸ್-ರೇ ಬಿದ್ದರೆ ಒಂದು ಕೋಶದಲ್ಲಿ ಸುಮಾರು 40 ಕಡೆ ಡಿಎನ್ಎಯ ಎರಡೂ ಎಳೆ ತುಂಡಾಗುತ್ತವೆ. ಎಟಿಎಂ ಪ್ರೋಟೀನು ಅಲ್ಲಿಯ ಕಾವಲುಗಾರ. ತುಂಡಾದದ್ದು ಗೊತ್ತಾದ ತಕ್ಷಣ ಅದು ವಿಭಜನೆಗೆ ತಡೆ ಹಾಕುವ ಪಿ53ಯಂಥ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುತ್ತದೆ. "ವಿಭಜನೆ ನಿಲ್ಲಿಸು, ಮೊದಲು ರಿಪೇರಿ" ಅಂತ ಕೂಗಿದ ಹಾಗೆ. ಎ-ಟಿಯಲ್ಲಿ ಕೂಗುವವರೇ ಇಲ್ಲ. ಮುರಿದ ಕ್ರೋಮೋಸೋಮ್ ಹೊತ್ತುಕೊಂಡೇ ಕೋಶ ವಿಭಜನೆಗೆ ಹೊರಡುತ್ತದೆ.

ಎ-ಟಿ ಬರಲು ಜೀನಿನ ಎರಡೂ ಪ್ರತಿ ಕೆಟ್ಟಿರಬೇಕು. ಒಂದೇ ಕೆಟ್ಟಿದ್ದರೆ ಈ ಕಾಯಿಲೆ ಬರುವುದಿಲ್ಲ, ಆದರೆ ಹೆಂಗಸರಲ್ಲಿ ಸ್ತನ ಕ್ಯಾನ್ಸರಿನ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಇಲ್ಲೊಂದು ಎಚ್ಚರ: ದೊಡ್ಡ ಡೋಸಿಗೆ ಅಂಗಾಂಶ ಹಾಳಾಗುವುದು ಬೇರೆ, ವರ್ಷಗಳ ಮೇಲೆ ಕ್ಯಾನ್ಸರ್ ಬರುವುದು ಬೇರೆ. "ಸಂವೇದನಾಶೀಲತೆ" ಅಂತ ಎರಡಕ್ಕೂ ಸುಮ್ನೆ ಒಂದೇ ಪದ ಬಳಸಿದರೆ ಉತ್ತರ ಕಲಸುಮೇಲೋಗರ.

ಎಲ್ಲವೂ ಜೀನಿನದೇ ಆಟವಲ್ಲ, ವಯಸ್ಸಿನದೂ ಇದೆ. 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತದ ನಂತರ ವಿಕಿರಣ ಸೂಸುವ ಅಯೋಡಿನ್-131 ಹುಲ್ಲಿಗೆ, ಹಸುವಿಗೆ, ಹಾಲಿಗೆ ದಾಟಿತು. ಆ ಹಾಲು ಕುಡಿದ ಮಕ್ಕಳಲ್ಲೇ ಥೈರಾಯ್ಡ್ ಕ್ಯಾನ್ಸರ್ ಎದ್ದು ಕಂಡಿತು. ಮಗುವಿನ ಥೈರಾಯ್ಡ್ ಚಿಕ್ಕದು, ಹಾಗಾಗಿ ಅಷ್ಟೇ ಅಯೋಡಿನ್‌ಗೆ ಡೋಸ್ ಜಾಸ್ತಿ. ಜೊತೆಗೆ ಅದು ಇನ್ನೂ ಬೆಳೆಯುವ ಗ್ರಂಥಿ.

ನಾನು ಎಡವಿದ್ದು ಝೀರೋಡರ್ಮಾ ಪಿಗ್ಮೆಂಟೋಸಮ್‌ನಲ್ಲಿ, ಅಂದರೆ ಬಿಸಿಲಿಗೆ ಚರ್ಮ ಬೇಗ ಹಾಳಾಗುವ ಆನುವಂಶಿಕ ಕಾಯಿಲೆಯಲ್ಲಿ. ಬಿಸಿಲು ಆಗದವರಿಗೆ ಎಕ್ಸ್-ರೇಯೂ ಆಗದು ಅಂದುಕೊಂಡಿದ್ದೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ನೇರಳಾತೀತ ಕಿರಣ ಮಾಡುವ ಗಾಯ ಬೇರೆ, ಅದನ್ನು ರಿಪೇರಿ ಮಾಡುವ ದಾರಿಯೂ ಬೇರೆ.