ಹೊಗೆಯಿದ್ದರೆ ಬೆಂಕಿ, ಬೆಂಕಿಯಿದ್ದರೆ?

ಕಮ್ಮಾರ ಕುಲುಮೆಯಿಂದ ಇಕ್ಕಳದಲ್ಲಿ ಎತ್ತಿದ ಕಬ್ಬಿಣದ ಗುಂಡು ಕೆಂಡದಂತೆ ಹೊಳೆಯುತ್ತಿರುತ್ತದೆ. ಮುಟ್ಟಿದರೆ ಕೈ ಸುಡುತ್ತದೆ, ಆದರೆ ಒಂದೆಳೆ ಹೊಗೆಯೂ ಇಲ್ಲ. ತರ್ಕವನ್ನು ಚರ್ಚಿಸುವ ನಮ್ಮ ಪ್ರಾಚೀನ ನ್ಯಾಯಶಾಸ್ತ್ರದ ಪಂಡಿತರು ಈ ಗುಂಡನ್ನೇ ಉದಾಹರಣೆಗೆ ಹಿಡಿದರು. ಹೊಗೆಯಿದ್ದಲ್ಲಿ ಬೆಂಕಿಯಿದೆ ಎನ್ನಬಹುದು; ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎನ್ನುವಂತಿಲ್ಲ. ‘ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ’ ಎಂಬ ಮಾತು ಮಾತ್ರ ತರ್ಕಕ್ಕೆ ಸರಿಯಾಗಿ ಕೂರುತ್ತದೆ. ಅದು ಮೊದಲಿನ ಮಾತನ್ನು ಎರಡೂ ಕಡೆ ‘ಇಲ್ಲ’ ಸೇರಿಸಿ ಹಿಂದುಮುಂದಾಗಿ ಹೇಳುತ್ತದೆ, ಅಷ್ಟೇ.

ಅಮೆರಿಕದಲ್ಲಿ ಕಾನೂನು ಓದಬಯಸುವವರು 1948ರಿಂದ ಬರೆಯುತ್ತಿರುವ ಎಲ್‌ಸ್ಯಾಟ್ ಪರೀಕ್ಷೆಗೆ ತಯಾರಿ ಎಂದರೆ ಬಹುಪಾಲು ಇದೇ ಅಭ್ಯಾಸ. ಅದರಲ್ಲಿ ‘ಲಾಜಿಕ್ ಗೇಮ್ಸ್’ ಎಂದು ಹೆಸರಾದ ಭಾಗವೊಂದಿತ್ತು: 35 ನಿಮಿಷ, ನಾಲ್ಕು ಒಗಟು. ಒಂದು ಚಿಕ್ಕ ಮಾದರಿ ನಾನೇ ಕಟ್ಟುತ್ತೇನೆ. ಕಮಲಾ ಸಾಕ್ಷಿ ಹೇಳಿದರೆ ರವಿಯೂ ಹೇಳುತ್ತಾನೆ. ರವಿ ಹೇಳಿದರೆ ಸುಮಾ ಹೇಳುವುದಿಲ್ಲ. ಈಗ ಸುಮಾ ಕಟಕಟೆ ಹತ್ತಿದಳು ಎನ್ನಿ. ಹಾಗಾದರೆ ರವಿ ಇಲ್ಲ. ರವಿ ಇಲ್ಲವೆಂದರೆ ಕಮಲಾ ಕೂಡ ಇಲ್ಲ. ಸುಮಾ ಬಾರದೇ ಹೋದರೆ? ಏನನ್ನೂ ಹೇಳಲಾಗದು. ಎಡವುವುದು ಇಲ್ಲೇ. ‘ಸುಮಾ ಇಲ್ಲ, ಅಂದಮೇಲೆ ರವಿ ಇದ್ದಾನೆ’ ಎಂದು ಮನಸ್ಸು ಓಡಿಬಿಡುತ್ತದೆ.

ಇದು ದಡ್ಡತನವಲ್ಲ. ‘ಹೋಮ್‌ವರ್ಕ್ ಮುಗಿಸಿದರೆ ಆಟಕ್ಕೆ ಬಿಡ್ತೀನಿ’ ಎಂದು ಅಮ್ಮ ಹೇಳಿದಾಗ, ಮುಗಿಸದಿದ್ದರೆ ಬಿಡುವುದಿಲ್ಲ ಎಂದೂ ಮಗು ಅರ್ಥಮಾಡಿಕೊಳ್ಳುತ್ತದೆ. ಅಮ್ಮನ ಮನಸ್ಸಿನಲ್ಲಿರುವುದೂ ಅದೇ. ದಿನಬಳಕೆಯ ‘ರೆ’ ತನ್ನೊಳಗೆ ‘ರೆ ಮಾತ್ರ’ವನ್ನೂ ಬಚ್ಚಿಟ್ಟುಕೊಂಡಿರುತ್ತದೆ. ಮನೆಯಲ್ಲಿ ನಡೆಯುವ ಈ ಒಪ್ಪಂದ ಪರೀಕ್ಷೆಯಲ್ಲಿ ನಡೆಯುವುದಿಲ್ಲ. 1966ರಲ್ಲಿ ಮನೋವಿಜ್ಞಾನಿ ಪೀಟರ್ ವೇಸನ್ ನಾಲ್ಕು ಕಾರ್ಡುಗಳ ಒಗಟನ್ನು (‘ಒಂದು ಬದಿಯಲ್ಲಿ ಸ್ವರಾಕ್ಷರವಿದ್ದರೆ ಇನ್ನೊಂದು ಬದಿಯಲ್ಲಿ ಸಮಸಂಖ್ಯೆ’ ಎಂಬ ನಿಯಮ ನಿಜವೇ ಎಂದು ತಿಳಿಯಲು ಯಾವ ಕಾರ್ಡುಗಳನ್ನು ತಿರುಗಿಸಬೇಕು?) ಜನರ ಮುಂದಿಟ್ಟಾಗ ಬಹುತೇಕರು ತಪ್ಪಿದರು. ಅದೇ ಒಗಟನ್ನು ‘ಬಿಯರ್ ಕುಡಿಯುವವರಿಗೆ ಕಾನೂನು ಹೇಳುವಷ್ಟು ವಯಸ್ಸಾಗಿರಬೇಕು’ ಎಂಬ ರೂಪದಲ್ಲಿ 1982ರಲ್ಲಿ ಕೇಳಿದಾಗ ಹೆಚ್ಚಿನವರು ಸರಿಯಾಗಿ ಬಿಡಿಸಿದರು. ನಿಯಮ ಮುರಿದವರನ್ನು ಹುಡುಕುವಾಗ ನಮ್ಮ ತರ್ಕ ಚುರುಕಾಗುತ್ತದೆ.

ಲಾಜಿಕ್ ಗೇಮ್ಸ್ ಬಿಡಿಸುವವರು ಕಾಗದದ ಮೇಲೆ ಬಾಣ, ಚೌಕ, ಅಡ್ಡಗೆರೆ ಎಳೆದುಕೊಳ್ಳುತ್ತಿದ್ದರು. ಕಣ್ಣು ಕಾಣದ ಅಭ್ಯರ್ಥಿ ಏನು ಮಾಡಬೇಕು? ವ್ಯಾಜ್ಯ ಕೋರ್ಟಿಗೆ ಹೋಯಿತು, 2019ರಲ್ಲಿ ರಾಜಿಯಾಯಿತು, 2024ರ ಆಗಸ್ಟ್‌ನಿಂದ ಆ ಭಾಗವೇ ಇಲ್ಲ. ಒಗಟುಗಳೆಂದರೆ ನನಗೆ ಬಹಳ ಇಷ್ಟ. ಆದರೂ ತೆಗೆದದ್ದು ಸರಿ ಎನ್ನುತ್ತೇನೆ. ಅಳೆಯಬೇಕಾದದ್ದು ತರ್ಕವನ್ನು, ಚಿತ್ರ ಬರೆಯುವ ಕೈಯನ್ನಲ್ಲ.

‘ರೆ’ ಮಾತ್ರ ಪರೀಕ್ಷೆಯಿಂದ ಹೋಗಿಲ್ಲ. ಈಗ ಅದು ಸಾಮಾನ್ಯ ವಾಕ್ಯಗಳೊಳಗೆ ‘ಹೊರತು’, ‘ಮಾತ್ರ’, ‘ಇಲ್ಲದೆ’ ಎಂಬ ವೇಷಗಳಲ್ಲಿ ಬರುತ್ತದೆ. ‘ಜಾಮೀನು ಕೊಡದ ಹೊರತು ಬಿಡುಗಡೆಯಿಲ್ಲ’ ಎನ್ನಿ. ಬಿಡುಗಡೆಯಾದವನು ಜಾಮೀನು ಕೊಟ್ಟಿದ್ದಾನೆ, ಖಂಡಿತ. ಜಾಮೀನು ಕೊಟ್ಟವನು ಇನ್ನೂ ಒಳಗೇ ಇರಬಹುದು.