ಚಿಕಿತ್ಸೆಗೆ ಹಣ ಕೇಳುವ ಲಿಂಕ್: ನಂಬಬಹುದಾ, ಮುಂದೇನು?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ವಾಟ್ಸ್ಆ್ಯಪ್ ಗುಂಪಿಗೆ ‘ಈ ಮಗುವನ್ನು ಉಳಿಸಿ’ ಅಂತ ಲಿಂಕ್ ಬರುತ್ತಲೇ ಇರುತ್ತದೆ. ನಂಬಬಹುದಾ? ಹೀಗೆ ಆನ್‌ಲೈನ್‌ನಲ್ಲಿ ಹಣ ಕೂಡಿಸುವುದು ಮುಂದೆಯೂ ನಡೆಯುತ್ತಾ?

ನಡೆಯುತ್ತದೆ, ಇನ್ನೂ ಜಾಸ್ತಿಯೇ ಆಗುತ್ತದೆ. 2010ರಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರುವಾದ, ಜನರಿಂದ ಹಣ ಕೂಡಿಸುವ ಮಿಲಾಪ್ ವೆಬ್‌ಸೈಟ್ ಮೊದಲು ಬಡವರಿಗೆ ಸಣ್ಣ ಸಾಲ ಕೊಡಿಸುತ್ತಿತ್ತು. ಈಗ ಅಲ್ಲಿ ಹೆಚ್ಚಾಗಿ ಕಾಣುವುದು ಆಸ್ಪತ್ರೆ ಖರ್ಚು. 2016ರಲ್ಲಿ ಯುಪಿಐ ಬಂದ ಮೇಲಂತೂ ನೂರು ರೂಪಾಯಿ ಕೊಡುವುದೂ ಕ್ಷಣದ ಕೆಲಸ.

ನಂಬುವ ಮೊದಲು ಹಣ ಯಾರ ಖಾತೆಗೆ ಹೋಗುತ್ತದೆ ನೋಡಿ. ನೇರ ಆಸ್ಪತ್ರೆಗೆ ಹೋದರೆ ಒಳ್ಳೆಯದು. ಯಾರದೋ ಸ್ವಂತ ಕ್ಯೂಆರ್ ಕೋಡ್ ಇದ್ದರೆ ಸುಮ್ನೆ ಕಳಿಸಬೇಡಿ, ಆಸ್ಪತ್ರೆಗೇ ಫೋನ್ ಮಾಡಿ ವಿಚಾರಿಸಿ. ಮೆಸೇಜಿನಲ್ಲಿರುವ ನಂಬರಿಗಲ್ಲ, ನೀವೇ ಹುಡುಕಿದ ನಂಬರಿಗೆ. ಹಣ ಕಟ್ಟುವಾಗ ವೆಬ್‌ಸೈಟಿನವರು ತಮಗೆ ‘ಟಿಪ್’ ಅಂತ ಮೊದಲೇ ಸೇರಿಸಿದ್ದರೆ ಅದನ್ನು ತೆಗೆಯಬಹುದು.

ಮೋಸಕ್ಕಿಂತ ನನ್ನನ್ನು ಜಾಸ್ತಿ ಕಾಡುವುದು ಬೇರೆ. ಐಟಿ ಕಂಪನಿಯವರ ಮನೆಯಲ್ಲಿ ಕಾಯಿಲೆ ಬಿದ್ದರೆ ಲಿಂಕ್ ಸಂಜೆಯೊಳಗೆ ನೂರಾರು ಸಂಬಳದಾರರಿಗೆ ತಲುಪುತ್ತದೆ. ರಾಯಚೂರಿನಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಂದ ಕೂಲಿಯವರು ಯಾರಿಗೆ ಕಳಿಸಬೇಕು? ಅವರ ಫೋನಿನಲ್ಲಿರುವವರೂ ಕೂಲಿಯವರೇ ಅಲ್ವಾ? ಇಂಗ್ಲಿಷಿನಲ್ಲಿ ಚೆನ್ನಾಗಿ ಬರೆದುಕೊಡುವವರೂ ಹತ್ತಿರ ಇರುವುದಿಲ್ಲ. ಕಾಯಿಲೆ ಒಂದೇ ಆದರೂ ಹಣ ಹುಟ್ಟುವುದು ಪರಿಚಯ ಇದ್ದವರಿಗೆ.

ಹಾಗಾಗಿ ಆಸ್ಪತ್ರೆಯೇ ರೋಗಿಯ ಪರವಾಗಿ ಕೇಳುವ ವ್ಯವಸ್ಥೆ ಬೆಳೆಯಬೇಕು. ಅದರ ಒಂದು ರೂಪ ಈಗಾಗಲೇ ಇದೆ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಕೇಂದ್ರ ಸರ್ಕಾರ ಒಂದು ಪೋರ್ಟಲ್ ಮಾಡಿತು. ರೋಗಿಯ ವಿವರ, ಬೇಕಾದ ಹಣ ಎರಡನ್ನೂ ಅಲ್ಲಿ ಹಾಕುವುದು ಆಯ್ದ ಆಸ್ಪತ್ರೆಗಳೇ. ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯೂ ಅದರಲ್ಲಿದೆ. ಆದರೆ ಅಲ್ಲಿ ಕೂಡುವ ಹಣ ಬೇಕಾದದ್ದರ ಮುಂದೆ ತೀರಾ ಕಡಿಮೆ. ಮನ ಕಲಕುವ ಫೋಟೊ ನೋಡಿ ಕೊಡುವ ನಾವು ಇಂಥ ಪಟ್ಟಿಯನ್ನು ತೆರೆದೂ ನೋಡುವುದಿಲ್ಲ.

ಸೇವಾ ಸಂಸ್ಥೆಗಳಿಗೆ ಕೊಡುವವರಿಗೆ ಇನ್ನೊಂದು ದಾರಿ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್, ಅಂದರೆ ಇಂಥ ಸಂಸ್ಥೆಗಳು ಹಣ ಕೂಡಿಸಲೆಂದೇ ಷೇರುಪೇಟೆಯಲ್ಲಿ ಇರುವ ವಿಭಾಗ. 2023ರ ಡಿಸೆಂಬರಿನಲ್ಲಿ ಅಲ್ಲಿ ಮೊದಲು ಲಿಸ್ಟ್ ಆಗಿದ್ದು ಬೆಂಗಳೂರಿನ ಉನ್ನತಿ ಫೌಂಡೇಶನ್. ಅಲ್ಲಿ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ, ಅದು ದಾನವೇ. ಆದರೆ ಕೆಲಸ ಏನಾಯಿತು ಎಂಬ ವರದಿಯನ್ನು ಸಂಸ್ಥೆ ಕೊಡಲೇಬೇಕು.

ತೆರಿಗೆ ರಿಯಾಯಿತಿ ಬಗ್ಗೆಯೂ ಕೆಲವರು ಕೇಳುತ್ತಾರೆ. ರೋಗಿಗೆ ನೇರ ಕೊಟ್ಟಿದ್ದಕ್ಕೆ ಸಿಗುವುದಿಲ್ಲ. ಅನುಮತಿ ಪಡೆದ ಸಂಸ್ಥೆಗೆ ಕೊಟ್ಟರೆ ಸಿಗುತ್ತದೆ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ.